ಅಂಬಾಸಿಡರ್‌ಗೆ ಬೆಳಗಿನ ಉಬ್ಬಸ

ಆ ಅಂಬಾಸಿಡರ್ ಮೊದಲ ಸಲ ಅರಸೀಕೆರೆಯ ನನ್ನ ರಿಪೇರಿ ಶೆಡ್ಡಿಗೆ ಬಂದದ್ದು ಡಿಸೆಂಬರಿನ ಒಂದು ದಿನ, ಬೆಳಿಗ್ಗೆ ಹತ್ತು ಗಂಟೆಗೆ. ಆ ಹತ್ತು ಗಂಟೆಯೇ ನನ್ನನ್ನು ಮೂರು ವಾರ ದಾರಿ ತಪ್ಪಿಸುತ್ತದೆ ಎಂದು ಆಗ ಗೊತ್ತಾಗಲಿಲ್ಲ.

ಓಡಿಸಿಕೊಂಡು ಬಂದವರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಬೇಲೂರಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್, ಮನೆ ಹಳೇಬೀಡು. ಪಕ್ಕದ ಸೀಟಿನಲ್ಲಿ ಅವರ ತಂದೆ. ಅದೇ ಕಾರಿನಲ್ಲಿ ಮೂವತ್ತು ವರ್ಷ ಪ್ರವಾಸಿಗರನ್ನು ಹಳೇಬೀಡು, ಬೇಲೂರು ಸುತ್ತಿಸಿದ ಡ್ರೈವರ್. ಹಿಂದಿನ ಬೇಸಿಗೆಯಲ್ಲಿ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು. ಮಾತಿನಲ್ಲಿ 'ಹಾಂ' ಮತ್ತು 'ಬ್ಯಾಡ' ಎರಡೇ ಉಳಿದಿದ್ದವು. ಅಪ್ಪ ಹಾಸಿಗೆ ಹಿಡಿದ ಮೇಲೆ ಮಗಳು ಡ್ರೈವಿಂಗ್ ಕಲಿತಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಅವರನ್ನು ಬೇಲೂರಿಗೆ ಕರೆದೊಯ್ದು ಕೈಗೆ ವ್ಯಾಯಾಮ ಮಾಡಿಸಿ, ಅಲ್ಲೇ ಸೋದರತ್ತೆಯ ಮನೆಯಲ್ಲಿ ಬಿಟ್ಟು ಶಾಲೆಗೆ ಹೋಗುತ್ತಿದ್ದರು. ಸಂಜೆ ಜೊತೆಯಲ್ಲೇ ವಾಪಸು.

ತೊಂದರೆ ಏನೆಂದು ಕೇಳಿದೆ. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ. ಆಕ್ಸಿಲರೇಟರ್ ತುಳಿದ ಕೂಡಲೇ ಉಸಿರು ಕಟ್ಟಿದಂತೆ ಆಗುತ್ತದೆ, ಹಿಂದೆ ಕಪ್ಪು ಹೊಗೆ, ಕಾರು ಜಗ್ಗುತ್ತದೆ, ಏರಲ್ಲಿ ನಿಂತೇ ಬಿಡುತ್ತದೆ. ಸ್ವಲ್ಪ ದೂರ ಹೀಗೆ ಕಾಡಿ ಆಮೇಲೆ ತಾನೇ ಸರಿಹೋಗುತ್ತದೆ. ಹಿಂದೆ ಲಾರಿ ಹಾರ್ನ್ ಹೊಡೆಯುವಾಗ, ಪಕ್ಕದಲ್ಲಿ ಅಪ್ಪ ಎಡಗೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು ಕೂತಿರುವಾಗ, ತಾವು ಕೀ ತಿರುಗಿಸುತ್ತಲೇ ಇರಬೇಕಾಗುತ್ತದೆ ಎಂದರು. ಹೇಳುವಾಗಲೂ ಅಂಕಿ ಅಂಶ ಒಪ್ಪಿಸುವಂತೆ ನಿಧಾನವಾಗಿ ಹೇಳಿದರು. ಒಂದು ನೋಟ್‌ಪುಸ್ತಕವನ್ನೂ ಕೊಟ್ಟರು. ಯಾವ ದಿನ ಎಷ್ಟು ಹೊತ್ತಿಗೆ ಹೊರಟದ್ದು, ಎಲ್ಲಿಯವರೆಗೆ ಜಗ್ಗಿತು, ಎಲ್ಲ ಅದರಲ್ಲಿತ್ತು. ನಾನು ಅದನ್ನು ತೆಗೆದುಕೊಂಡು ಮೇಜಿನ ಖಾನೆಯಲ್ಲಿಟ್ಟೆ. ನನಗೆ ನನ್ನದೇ ಪಟ್ಟಿ ಇತ್ತು.

ಸೈನ್ಯದ ವರ್ಕ್‌ಶಾಪಿನಲ್ಲಿ ಕಲಿತ ಪಟ್ಟಿ ಅದು. ಪೆಟ್ರೋಲ್ ಟ್ಯಾಂಕಿನಿಂದ ಶುರುಮಾಡಿ ಸೈಲೆನ್ಸರಿನವರೆಗೆ ಇಪ್ಪತ್ತೆರಡು ಹೆಜ್ಜೆ. ಒಂದನ್ನೂ ಹಾರಿಸುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತೇನೆ. ಪೆಟ್ರೋಲ್ ಪಂಪು ಸರಿ. ಫಿಲ್ಟರ್ ಸರಿ. ಪ್ಲಗ್ಗುಗಳು ಸ್ವಲ್ಪ ಕರಿಹಿಡಿದಿದ್ದವು, ಉಜ್ಜಿದೆ. ಪೆಡಲಿನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಕಡ್ಡಿಯ ಕೊಂಡಿಯೊಂದು ಸವೆದು ಲೊಡಲೊಡ ಎನ್ನುತ್ತಿತ್ತು. ಪೆಡಲ್ ತುಳಿದರೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಪೂರ್ತಿ ತೆರೆಯುವ ಮೊದಲು ಒಂದು ಕ್ಷಣ ತಡೆಯುತ್ತಿತ್ತು.

ಅಲ್ಲಿಂದ ಕಾರ್ಬ್ಯುರೇಟರ್. ಈ ಕಾರಿನದು ಹಳೆಯ ನಮೂನೆಯದು. ಮೇಲೆ ಗಂಟೆಯ ಆಕಾರದ ಅಲ್ಯೂಮಿನಿಯಂ ಡಬ್ಬಿ, ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್. ಥ್ರಾಟಲ್ ತೆರೆದಾಗ ಎಂಜಿನ್ ಗಾಳಿ ಎಳೆಯುತ್ತದೆ, ಪಿಸ್ಟನ್ ಏರುತ್ತದೆ, ಎಷ್ಟು ಏರಿತೋ ಅಷ್ಟು ಗಾಳಿ ಒಳಗೆ ಹೋಗುತ್ತದೆ. ಅದು ಧಡಕ್ಕನೆ ಏರದಿರಲೆಂದು ಪಿಸ್ಟನ್ನಿನ ನಡುವಿನ ಟೊಳ್ಳಿನಲ್ಲಿ ಒಂದು ಚಮಚದಷ್ಟು ಎಣ್ಣೆ ಇರುತ್ತದೆ. ಡಬ್ಬಿಯ ನೆತ್ತಿಯ ಕರಿ ಮುಚ್ಚಳ ತಿರುಗಿಸಿದರೆ ಅದಕ್ಕಂಟಿದ ಡ್ಯಾಂಪರ್ ಕಡ್ಡಿ ಆ ಎಣ್ಣೆಯೊಳಗಿಂದ ಮೇಲೆ ಬರುತ್ತದೆ. ನಾನು ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟೆ. ಇಳಿದು 'ಟಕ್' ಎಂದಿತು. ಆ ಸದ್ದು ಬಂದರೆ ಆರೋಗ್ಯ ಸರಿ ಎಂದರ್ಥ. ಮುಚ್ಚಳ ತೆಗೆದು ಎಣ್ಣೆಯ ಮಟ್ಟ ನೋಡಿದೆ. ಗುರುತಿನವರೆಗೂ ಇತ್ತು. ಹದಿನಾಲ್ಕನೆಯ ಹೆಜ್ಜೆಗೂ ಗುರುತು ಹಾಕಿದೆ.

ಮುಚ್ಚಳ ತೆಗೆದಾಗ ಅಪ್ಪ ಕಾರಿನ ಕಿಟಕಿಯಿಂದ ಹೊರಗೆ ಕತ್ತು ಚಾಚಿ ನೋಡುತ್ತಿದ್ದರು. ಹಾಗೆಯೇ ತಿರುಗಿಸಿ ಹಾಕಿದ ಮೇಲೆ "ಹಾಂ" ಎಂದರು. ತಮ್ಮ ಕೆಲಸವನ್ನು ಇನ್ಸ್‌ಪೆಕ್ಟರ್ ಒಪ್ಪಿದಾಗ ಜನ ಹೇಳುವ ರೀತಿಯ 'ಹಾಂ' ಅದು. ಭಾನುವಾರ ಭಾನುವಾರ ಅಪ್ಪನೇ ಬಾನೆಟ್ ತೆಗೆದು ಒರೆಸಿ, ಆ ಎಣ್ಣೆ ನೋಡುತ್ತಾರೆ, ಅವರಿಗೆ ಉಳಿದಿರುವ ಕೆಲಸ ಅದೊಂದೇ ಎಂದು ಮಗಳು ಹೇಳಿದರು.

ಸವೆದ ಕೊಂಡಿ ಬದಲಿಸಿ, ಕಾರಣ ಸಿಕ್ಕಿತೆಂದು ರಿಜಿಸ್ಟರಿನಲ್ಲಿ ಬರೆದು ಕಳಿಸಿದೆ. ಮಾರನೇ ಬೆಳಿಗ್ಗೆ ಏಳೂಕಾಲಿಗೆ ಫೋನ್ ಬಂತು. ಕಾರು ಹಳೇಬೀಡಿನ ಕೆರೆಯ ಹತ್ತಿರದ ಏರಲ್ಲಿ ನಿಂತಿತ್ತು.

ಎರಡನೆಯ ಸಲ ಬಂದಾಗ ಒಂದು ರಾತ್ರಿ ಕಾರನ್ನು ಇಲ್ಲೇ ಬಿಟ್ಟುಹೋಗಲು ಹೇಳಿದೆ. ಬೆಳಗಿನ ರೋಗವನ್ನು ಬೆಳಿಗ್ಗೆಯೇ ನೋಡಬೇಕು ಎಂಬ ಮಟ್ಟಿಗೆ ನನ್ನ ಬುದ್ಧಿ ಓಡಿತ್ತು. ಐದೂವರೆಗೆ ಶೆಡ್ಡಿನ ಬಾಗಿಲು ತೆಗೆದು ಸ್ಟಾರ್ಟ್ ಮಾಡಿದೆ. ಹೊರಗೆ ತಂದು ಬಾಣಾವರದ ರಸ್ತೆಯಲ್ಲಿ ಎರಡು ಮೈಲಿ ಹೋಗಿಬಂದೆ. ಬೆಣ್ಣೆಯಂತೆ ಓಡಿತು. ಆದರೂ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಬಿಚ್ಚಿ ತೊಳೆದೆ, ಪಾಯಿಂಟ್ ಅಂತರ ಅಳೆದೆ, ಟೈಮಿಂಗ್ ನೋಡಿದೆ. ಪಿಸ್ಟನ್ನಿನ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಸರಿಯಾಗಿ ಆಡುತ್ತಿರುವುದನ್ನು ಬಿಚ್ಚಬಾರದು ಎಂಬುದು ನನ್ನ ನಿಯಮ.

ಸಂಜೆ ಕಾರು ಒಯ್ಯಲು ಬಂದ ಟೀಚರಿಗೆ, ಕಾರಿನಲ್ಲಿ ದೋಷವಿಲ್ಲ, ನಿಮ್ಮ ಕಾಲು ಭಾರ ಎಂದೆ. ಹೊಸದಾಗಿ ಕಲಿತವರು ಪೆಡಲನ್ನು ಒಮ್ಮೆಲೇ ಒತ್ತುತ್ತಾರೆ, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಇಡಬೇಕು ಎಂದು ಪಾಠ ಬೇರೆ ಮಾಡಿದೆ. ರಿಜಿಸ್ಟರಿನ 'ಕಾರಣ'ದ ಕಾಲಮ್ಮಿನಲ್ಲಿ ಅವರ ಎದುರಿಗೇ 'ಚಾಲಕರ ಅಭ್ಯಾಸ' ಎಂದು ಇಂಕಿನಲ್ಲಿ ಬರೆದೆ. ಅವರು ಓದಿದರು. ಕಾರಿನ ಬೀಗದ ಕೈ ತೆಗೆದುಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಸರ್, ನಮ್ಮಪ್ಪ ಬೇರೆ ಯಾವ ಗಾಡೀನೂ ಹತ್ತಲ್ಲ. ಬಾಡಿಗೆ ವ್ಯಾನ್ ತರಿಸಿದ್ರೆ ಜಗಲಿ ಮೇಲೆ ಕೂತು ಬ್ಯಾಡ ಅಂದ್ಬಿಟ್ರು. ಈಗ ವ್ಯಾಯಾಮ ತಪ್ಪಿಸಿದ್ರೆ ಆ ಕೈ ಬರಲ್ಲ ಅಂತ ಡಾಕ್ಟ್ರು ಹೇಳವ್ರೆ. ಆದ್ರೆ ದಾರೀಲಿ ನಿಲ್ಲೋ ಗಾಡೀಲಿ ಅವರನ್ನ ಎಷ್ಟು ದಿನ ಅಂತ ಕರ್ಕೊಂಡು ಹೋಗ್ಲಿ?"

ಹಾಸನದಿಂದ ಒಬ್ಬರು ಕೇಳುತ್ತಿದ್ದಾರೆ ಎಂದರು. ಮದುವೆ ಜೋಡಿಗಳ ಫೋಟೊ ತೆಗೆಯಲು ಹಳೆಯ ಕಾರುಗಳನ್ನು ಬಾಡಿಗೆಗೆ ಕೊಡುವವರಂತೆ. ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಹತ್ತು ಗಂಟೆಗೆ ಬಂದು ಒಯ್ಯುತ್ತಾರೆ. ಅಪ್ಪನಿಗೆ ಇನ್ನೂ ಹೇಳಿಲ್ಲ. "ನನ್ನ ಕಾಲೇ ಭಾರ ಅಂದ್ರೆ ಒಪ್ಕೋತೀನಿ ಸರ್. ಆದ್ರೆ ಒಂದ್ಸಲ ನಮ್ಮೂರಿಗೆ ಬಂದು, ಬೆಳಿಗ್ಗೆ ನೀವೇ ಓಡಿಸಿ ನೋಡಿ. ನಿಮ್ಮ ಕಾಲು ಹಗುರ ಇರ್ಬೋದು."

ಅದರಲ್ಲಿ ಚುಚ್ಚು ಇತ್ತು. ಇರಬೇಕಾದದ್ದೇ.

ನಾನು ರಿಪೇರಿಗೆ ಊರೂರು ಹೋಗುವವನಲ್ಲ. ಸಲಕರಣೆಗಳು ಇಲ್ಲಿವೆ, ಬೆಳಕು ಇಲ್ಲಿದೆ, ಪಟ್ಟಿ ಇಲ್ಲಿದೆ. ಗಾಡಿ ನನ್ನ ಬಳಿ ಬರಬೇಕು. ಒಂದು ವಾರ ಹಾಗೆಯೇ ಕಳೆಯಿತು. ಒಂದು ಸಂಜೆ ಶೆಡ್ಡಿನ ಹಿಂಗೋಡೆಗೆ ಬೆನ್ನು ಕೊಟ್ಟು ಟೀ ಕುಡಿಯುತ್ತಿದ್ದೆ. ಚಳಿಗಾಲದಲ್ಲಿ ನಾನು ಕೂರುವುದೇ ಅಲ್ಲಿ. ಗೋಡೆ ಬೆಚ್ಚಗಿರುತ್ತದೆ, ಆಚೆ ಬದಿಗೆ ಬೇಕರಿಯ ಒಲೆ, ಬೆಳಗಿನ ಜಾವ ಮೂರಕ್ಕೆ ಹಚ್ಚಿದರೆ ರಾತ್ರಿಯವರೆಗೆ ಆರಿಸುವುದಿಲ್ಲ. ಟೀ ಲೋಟ ಅರ್ಧದಲ್ಲಿ ನಿಂತಿತು. ಆ ಅಂಬಾಸಿಡರನ್ನು ರಾತ್ರಿ ನಿಲ್ಲಿಸಿದ್ದು ಇದೇ ಗೋಡೆಗೆ ಮೂತಿ ಮಾಡಿ. ಬೆಳಗಿನ ಚಳಿಯನ್ನು ಪರೀಕ್ಷಿಸಲು ನಾನು ಅದನ್ನು ಒಲೆಯ ಪಕ್ಕ ಮಲಗಿಸಿದ್ದೆ.

ಖಾನೆಯಿಂದ ಟೀಚರಮ್ಮನ ನೋಟ್‌ಪುಸ್ತಕ ತೆಗೆದೆ. ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬೀಗ ಹಾಕಿ, ಸಣ್ಣ ಚೀಲದಲ್ಲಿ ಸ್ಪ್ಯಾನರ್‌ಗಳು, ಸ್ಕ್ರೂಡ್ರೈವರ್, ಒಂದು ಪುಟ್ಟ ಬಾಟಲಿ ಎಂಜಿನ್ ಆಯಿಲ್ ಇಟ್ಟುಕೊಂಡು ಜಾವಗಲ್ ಮೇಲೆ ಹೋಗುವ ಬಸ್ ಹತ್ತಿದೆ. ಪುಸ್ತಕವನ್ನು ದಾರಿಯಲ್ಲಿ ಓದಿದೆ. ಮೋಡ ಮುಚ್ಚಿ ಚಳಿ ಕಡಿಮೆಯಿದ್ದ ದಿನ ಜಗ್ಗಿದ್ದು ಬಸ್ತಿಹಳ್ಳಿಯ ತಿರುವಿನವರೆಗೆ ಮಾತ್ರ. ಮಂಜು ಬಿದ್ದ ದಿನ ಅಲ್ಲಿಂದ ಇನ್ನೂ ಎರಡು ಮೈಲಿ. ರಜೆಯ ದಿನ ಒಂಬತ್ತಕ್ಕೆ ಹೊರಟಾಗ ಏನೂ ಇಲ್ಲ. ಉತ್ತರ ಪೂರ್ತಿ ಬಿಡಿಸಿಟ್ಟ ಲೆಕ್ಕವನ್ನು ನಾನು ಮೂರು ವಾರ ಖಾನೆಯಲ್ಲಿ ಮುಚ್ಚಿಟ್ಟಿದ್ದೆ.

ಅವರ ಮನೆಯಲ್ಲಿ ಕಾರು ನಿಲ್ಲುವುದು ಬಯಲಿನಲ್ಲಿ. ಮೇಲೊಂದು ಟಾರ್ಪಾಲು, ಅಷ್ಟೆ. ಎದುರಿಗೆ ಹೊಲ, ಅದರಾಚೆ ಕೆರೆ. ಟೀಚರಮ್ಮನ ತಾಯಿ ಮುದ್ದೆ ಬಡಿಸುತ್ತಾ ಕಾರಿನ ಮೇಲಿನ ದೂರನ್ನೆಲ್ಲ ನನಗೆ ಒಪ್ಪಿಸಿದರು. "ಮದ್ವೆಯಾಗಿ ನಲ್ವತ್ತೈದು ವರ್ಸ ಆಯ್ತು. ನನ್ನ ಮಕ ಒಂದಿನ ಹಿಂಗೆ ಬಟ್ಟೆ ತಗೊಂಡು ಒರ್ಸಿಲ್ಲ ಕಣ್ರೀ. ಅದಕ್ಕೆ ವಾರ ವಾರ ಅಭಿಷೇಕ ಆಯ್ತದೆ." ಯಜಮಾನರು ಎಡಗೈಯಲ್ಲಿ ಊಟ ಮಾಡುತ್ತಾ, ಅರ್ಧ ಮುಖದಲ್ಲಿ ನಕ್ಕರು.

ಹಾಸನದವರು ಬರಬೇಕಿದ್ದ ಭಾನುವಾರ, ಬೆಳಿಗ್ಗೆ ಆರಕ್ಕೆ ಟಾರ್ಪಾಲು ತೆಗೆದೆ. ಅದರ ಮೇಲಿನ ಇಬ್ಬನಿ ಮೈಮೇಲೆ ಸುರಿಯಿತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಬಾವಿಯ ಕಲ್ಲು ಮುಟ್ಟಿದ ಹಾಗಿತ್ತು. ಚೋಕ್ ಎಳೆದು ಸ್ಟಾರ್ಟ್ ಮಾಡಿದೆ. ಆಯಿತು. ನಿಂತಲ್ಲಿ ಓಡಿತು. ಆಕ್ಸಿಲರೇಟರನ್ನು, ನಾನು ಹೇಳಿಕೊಟ್ಟ ಹಾಗೆಯೇ ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿದೆ. ಕಾರು ಉಬ್ಬಸ ಹಿಡಿದವರಂತೆ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆರಿಹೋಯಿತು. ಟೀಚರಮ್ಮ ಸ್ವೆಟರಿನ ತೋಳಿನೊಳಗೆ ಕೈ ಸೇರಿಸಿಕೊಂಡು ನಿಂತಿದ್ದರು.

ಪಟ್ಟಿಯ ಮೊದಲ ಹೆಜ್ಜೆಯಿಂದ ಶುರುಮಾಡಬೇಕಿತ್ತು. ಎಂಜಿನ್ ಬಿಸಿಯಾಗುವಷ್ಟರಲ್ಲಿ ರೋಗ ಓಡಿಹೋಗುತ್ತದೆ ಎಂಬುದು ಈಗ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಹದಿಮೂರು ಹೆಜ್ಜೆ ಹಾರಿಸಿ ನೇರ ಹದಿನಾಲ್ಕಕ್ಕೆ, ಕಾರ್ಬ್ಯುರೇಟರ್‌ಗೆ, ಹೋದೆ. ಗಾಳಿಯ ಫಿಲ್ಟರ್ ತೆಗೆದು ಪಿಸ್ಟನ್ನಿಗೆ ಬೆರಳು ಕೊಟ್ಟೆ. ಏಳಲಿಲ್ಲ. ಸ್ವಲ್ಪ ಬಲ ಹಾಕಿದೆ. ಅಂಟು ಹಾಕಿದ ಹಾಗೆ ಕೂತಿತ್ತು.

ಪಿಸ್ಟನ್ ಏಳದಿದ್ದರೆ ಗಾಳಿಗೆ ದಾರಿಯಿಲ್ಲ. ತುಳಿದಷ್ಟೂ ಪೆಟ್ರೋಲ್ ಮಾತ್ರ ಹೋಗುತ್ತದೆ. ಕಪ್ಪು ಹೊಗೆಗೆ ಕಾರಣ ಅದು. ಆದರೆ ಹಿಡಿದಿರುವುದು ಏನು? ಕರಿ ಮುಚ್ಚಳ ತಿರುಗಿಸಿ ಎಳೆದೆ. ಡ್ಯಾಂಪರ್ ಕಡ್ಡಿ ಒಲ್ಲೆ ಒಲ್ಲೆ ಎನ್ನುತ್ತಾ ಮೇಲೆ ಬಂತು. ತುದಿಗೆ ಬೆಳ್ಳಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ನೀರು ಸೇರಿದ ಎಣ್ಣೆ ಎಂದುಕೊಂಡೆ. ಅದು ಇಷ್ಟು ಗಟ್ಟಿಯಾಗುವುದಿಲ್ಲ. ಗ್ರೀಸಿಗೆ ಈ ಬಣ್ಣವಿಲ್ಲ. ಎರಡು ಬೆರಳ ನಡುವೆ ಉಜ್ಜಿದೆ. ಕರಗಿ ನೀರಾಯಿತು. ಮೂಗಿಗೆ ಹಿಡಿದೆ. ನನ್ನ ಮೂಗು ಏನನ್ನೂ ಹೇಳಲಿಲ್ಲ.

ಅಷ್ಟರಲ್ಲಿ ತಾಯಿ ಒಳಗಿಂದ ಹಬೆಯಾಡುವ ಚೊಂಬು ಹಿಡಿದು ಜಗಲಿಗೆ ಬಂದರು. ಬಿಸಿನೀರಿನೊಳಗೆ ಒಂದು ಬಾಟಲಿ ನಿಂತಿತ್ತು. ಬಾಟಲಿಯೊಳಗೆ ಅದೇ ಬಿಳಿ, ಅಂಚಿನಲ್ಲಿ ಆಗಷ್ಟೇ ಕರಗುತ್ತಿತ್ತು. ಯಜಮಾನರು ಕುರ್ಚಿಯಲ್ಲಿ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು, ಮಾಲೀಸಿಗೆ. ಕೊಬ್ಬರಿ ಎಣ್ಣೆ.

ಅರಸೀಕೆರೆಯಲ್ಲಿ ನಮ್ಮ ಬೀದಿಯ ತುಂಬ ಕೊಬ್ಬರಿಯ ವಾಸನೆ. ಅದರಲ್ಲೇ ಉಸಿರಾಡುವವನಿಗೆ ಅದು ವಾಸನೆಯೇ ಅಲ್ಲ. ಅಂದು ಹತ್ತು ಗಂಟೆಗೆ, ಓಡಿಬಂದ ಕಾರಿನ ಬಿಸಿಗೆ ಎಣ್ಣೆ ಕರಗಿ ತೆಳುವಾಗಿತ್ತು; ಶೆಡ್ಡಿನಲ್ಲಿ ಮುಚ್ಚಳ ತೆಗೆದಾಗಲೂ ಆ ವಾಸನೆ ಮೂಗಿಗೆ ಬಡಿದಿರಬೇಕು. ನಾನು ಮಟ್ಟ ನೋಡಿದೆ, ಎಣ್ಣೆಯನ್ನು ನೋಡಲಿಲ್ಲ.

ಟೀಚರಮ್ಮ ನನ್ನ ಬೆರಳು ನೋಡಿದರು, ಚೊಂಬು ನೋಡಿದರು. ತಗ್ಗಿದ ದನಿಯಲ್ಲಿ ಇಷ್ಟು ಹೇಳಿದರು: ಆಯುಧಪೂಜೆಯ ದಿನ ಅಪ್ಪ ಎಲ್ಲರನ್ನೂ ಆಚೆ ಕಳಿಸಿ ಒಂದು ಗಂಟೆ ಬಾನೆಟ್ ತೆಗೆದುಕೊಂಡು ನಿಂತಿದ್ದರು. ಆಮೇಲೆ ನೋಡಿದರೆ ಕಡ್ಡಿಗೆ ಸುತ್ತಿದ ಎಣ್ಣೆಬಟ್ಟೆ ಅಲ್ಲೇ ಬಿದ್ದಿತ್ತು, ಹಳೆಯ ಎಣ್ಣೆಯನ್ನೆಲ್ಲ ಒರೆಸಿ ತೆಗೆದಿದ್ದರು. ಅಪ್ಪನ ಆಯಿಲ್ ಡಬ್ಬಿ ಅಷ್ಟೊತ್ತಿಗೆ ಖಾಲಿಯಾಗಿತ್ತು. ಹೊಸದು ತಂದುಕೊಡುವುದು ತಮಗೆ ಹೊಳೆದಿರಲಿಲ್ಲ, ಕೇಳಲು ಅವರಿಗೆ ಮಾತಿರಲಿಲ್ಲ. ಬತ್ತಿದ ತಮ್ಮ ಕೈಗೆ ಜೀವ ಬರಲೆಂದು ದಿನಾ ಯಾವುದನ್ನು ತಿಕ್ಕುತ್ತಾರೋ, ಅದನ್ನೇ ಕಾರಿಗೂ ಹಾಕಿದ್ದರು. ಬಿಸಿಲಿರುವಷ್ಟು ದಿನ ಅದು ಎಣ್ಣೆಯ ಕೆಲಸವನ್ನೇ ಮಾಡಿತ್ತು. ಚಳಿ ಬಿತ್ತು, ಹೆಪ್ಪುಗಟ್ಟಿತು.

ತಾಯಿ ಜಗಲಿಯಿಂದಲೇ ಗೊಣಗಿದರು. "ಅದಕ್ಕೇ ನಾನಂದೆ, ಹಚ್ಚೋದು ಬೊಗಸೆಯಷ್ಟಿಲ್ಲ, ಬಾಟ್ಲಿ ಹೆಂಗೆ ಖಾಲಿ ಆಯ್ತದೆ ಅಂತ."

ಯಜಮಾನರು ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡುತ್ತಿದ್ದರು. ಮೂವತ್ತು ವರ್ಷ ಆ ಎಂಜಿನನ್ನು ತಮ್ಮ ಹೊಟ್ಟೆಯಂತೆ ಬಲ್ಲವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರ ಕಣ್ಣು ಕಡ್ಡಿಯಿಂದ ಬಾಟಲಿಗೆ, ಬಾಟಲಿಯಿಂದ ತೊಡೆಯ ಮೇಲಿನ ಕೈಗೆ ಇಳಿದು ಅಲ್ಲೇ ನಿಂತಿತು.

ದೋಷ ಯಾರದೋ ಅವರ ಎದುರಿಗೇ ಹೇಳುವುದು ನಾನು ಕಲಿತ ಪದ್ಧತಿ. ಹೇಳದೆ ಮುಚ್ಚಿಡಬಹುದಿತ್ತು, ಕಾರ್ಬ್ಯುರೇಟರ್ ಹಳತಾಗಿದೆ ಎಂದರೆ ಮುಗಿಯುತ್ತಿತ್ತು. ಆದರೆ ಡ್ರೈವರೊಬ್ಬರಿಗೆ ಅವರದೇ ಕಾರಿನ ಬಗ್ಗೆ ಸುಳ್ಳು ಹೇಳುವುದು ಅವರ ಇನ್ನೊಂದು ಕೈಯನ್ನೂ ಕಿತ್ತುಕೊಂಡಂತೆ. ನಾನು ಹೋಗಿ ಅವರ ಎದುರಿಗೆ ಜಗಲಿಯ ಮೆಟ್ಟಿಲ ಮೇಲೆ ಕೂತೆ.

"ಯಜಮಾನ್ರೇ, ಎಣ್ಣೆ ನೀವು ಹಾಕಿದ್ರಿ. ಬೇರೆ ಎಣ್ಣೆ ಹಾಕಿದ್ರಿ, ಅದು ತಪ್ಪು. ಅದನ್ನ ಮುಚ್ಚಳ ತೆಗೆದು ನೋಡಿ, ಸರಿಯಾಗಿದೆ ಅಂತ ಗೋಡೆ ಮೇಲೆ ಗುರುತು ಹಾಕ್ದೋನು ನಾನು. ಆಮೇಲೆ ನಿಮ್ಮ ಮಗಳ ಕಾಲಿನ ಮೇಲೆ ಹೊರಿಸ್ದೋನೂ ನಾನೇ. ಲೆಕ್ಕ ಹಾಕಿದ್ರೆ ನಂದೇ ಎರಡಾಯ್ತು."

ಅವರ ಬಾಯಿಯ ಎಡಗಡೆ ಮೇಲಕ್ಕೆ ಹೋಯಿತು. "ಹಾಂ," ಎಂದರು.

ಉಳಿದದ್ದು ಅರ್ಧ ಗಂಟೆಯ ಕೆಲಸ. ಡಬ್ಬಿ ಯಾವ ದಿಕ್ಕಿಗೆ ಕೂತಿತ್ತೋ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಸ್ಕ್ರೂ ಬಿಚ್ಚಿ, ಅಡಿಯ ಸೂಜಿ ಬಾಗದಂತೆ ನೆಟ್ಟಗೆ ಎತ್ತಿದೆ. ಟೊಳ್ಳಿನೊಳಗಿನ ಬಿಳಿಯನ್ನು ಪೆಟ್ರೋಲಿನಲ್ಲಿ ಎರಡು ಸಲ ತೊಳೆದು ಒರೆಸಿ ಒಣಗಿಸಿದೆ. ಕೂಡಿಸಿ, ಪಿಸ್ಟನ್ ಎತ್ತಿಬಿಟ್ಟೆ. ಟಕ್. ಕಾರಿನ ಮೈ ಇನ್ನೂ ತಣ್ಣಗೆ ಇತ್ತು.

ಎಂಜಿನ್ ಆಯಿಲಿನ ಬಾಟಲಿ ತೆಗೆದು, ನಾನೇ ಹಾಕಲು ಬಗ್ಗಿದವನು ನಿಲ್ಲಿಸಿದೆ. ಅಂದು ಭಾನುವಾರ, ಯಜಮಾನರು ಎಣ್ಣೆ ನೋಡುವ ದಿನ. ಮಗಳು ಅಪ್ಪನನ್ನು ಕೈಹಿಡಿದು ಕಾರಿನ ಬಳಿಗೆ ಕರೆತಂದರು. ಯಜಮಾನರು ಕಾರಿನ ಮಡ್‌ಗಾರ್ಡಿಗೆ ಸೊಂಟ ಆನಿಸಿ ನಿಂತು ಎಡಗೈ ಚಾಚಿದರು. ಬಾಟಲಿ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಮೂಗಿಗೆ ಹಿಡಿದು ವಾಸನೆ ನೋಡಿದರು, ನಾನು ಮಾಡದೆ ಬಿಟ್ಟದ್ದನ್ನು ನನ್ನೆದುರಿಗೇ. ಆಮೇಲೆ ಹನಿ ಹನಿಯಾಗಿ ಗುರುತಿನವರೆಗೆ ತುಂಬಿದರು. ಒಂದು ತೊಟ್ಟೂ ಆಚೆ ಬೀಳಲಿಲ್ಲ.

ಮಗಳು ಓಡಿಸಿದರು, ಪಕ್ಕದಲ್ಲಿ ಅಪ್ಪ, ಹಿಂದೆ ನಾನು. ಕೆರೆಯ ಹತ್ತಿರದ ಏರು ಬಂತು. ಅವರು ಕಾಲು ಒತ್ತಿದರು. ಕಾರು ಒಂದೇ ಉಸಿರಿಗೆ ಏರಿತು. ಬಸ್ತಿಹಳ್ಳಿಯ ತಿರುವಿನಲ್ಲಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಈಗ ನನ್ನ ಕಾಲು ಹಗುರ ಆಯ್ತಾ ಸರ್?" ಎಂದರು. ಕ್ಷಮಿಸಿ ಎನ್ನಲು ಮುಂದೆ ಬಾಗಿದೆ. ಅಷ್ಟರಲ್ಲಿ ಅವರು ಕಾರು ಪಕ್ಕಕ್ಕೆ ನಿಲ್ಲಿಸಿ ಹಾಸನಕ್ಕೆ ಫೋನ್ ಹಚ್ಚಿದ್ದರು. ಬರಬೇಡಿ ಎಂದಷ್ಟೇ ಹೇಳಿದರು. ಅಪ್ಪ ಯಾರೆಂದು ಹುಬ್ಬಿನಲ್ಲೇ ಕೇಳಿದರು. "ಯಾರೋ ಅಪ್ಪಾ, ರಾಂಗ್ ನಂಬರು."

ಅರಸೀಕೆರೆಗೆ ಬಂದ ಮೇಲೆ ರಿಜಿಸ್ಟರ್ ತೆಗೆದು 'ಚಾಲಕರ ಅಭ್ಯಾಸ' ಎಂಬುದನ್ನು ಹೊಡೆದುಹಾಕಿದೆ. ಇಂಕಿನಲ್ಲಿ ಬರೆದದ್ದನ್ನು ನಾನು ಹೊಡೆದುಹಾಕಿದ್ದು ಅದೊಂದೇ. ಕೆಳಗೆ 'ಎಣ್ಣೆ ಹೆಪ್ಪುಗಟ್ಟಿತ್ತು, ಪರೀಕ್ಷಕ ಗಮನಿಸಲಿಲ್ಲ' ಎಂದು ಬರೆದೆ. ಗೋಡೆಯ ಪಟ್ಟಿಯಲ್ಲಿ ಹದಿನಾಲ್ಕರ ಮುಂದೆ 'ಮೂಸಿ ನೋಡು' ಎಂದು ಸೇರಿಸಿದೆ.

ಹೊರಡುವ ಮುಂಚೆ ಯಜಮಾನರಿಗೆ ಒಂದು ಡ್ಯೂಟಿ ಹೇಳಿಬಂದಿದ್ದೆ. ಭಾನುವಾರ ಏಳಕ್ಕೆ ಎಣ್ಣೆ ನೋಡಬೇಕು, ನೋಡಿಯಾದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡಬೇಕು. ಮಾತು ಬೇಕಾಗಿಲ್ಲ, ಎರಡು ರಿಂಗ್ ಸಾಕು. ಅಂದಿನಿಂದ ಪ್ರತಿ ಭಾನುವಾರ ಏಳಕ್ಕೆ ಎರಡು ರಿಂಗ್ ಆಗುತ್ತದೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ಯುಗಾದಿಗೆ ಮುಂಚಿನ ಭಾನುವಾರ ಏಳಾಯಿತು, ಏಳೂಕಾಲಾಯಿತು, ಫೋನ್ ಸುಮ್ಮನಿತ್ತು. ಅಂದು ಬೆಳಿಗ್ಗೆ ನಾನು ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದೆ. ಏಳೂ ಇಪ್ಪತ್ತಕ್ಕೆ ರಿಂಗಾಯಿತು, ಎರಡಕ್ಕೆ ನಿಲ್ಲಲಿಲ್ಲ. ಎತ್ತಿದೆ. ಯಜಮಾನರ ಹೆಂಡತಿ.

"ಬಯ್ಬೇಡಿ ಕಣ್ರೀ, ಇವತ್ತು ತಡ ಆಯ್ತು. ಮುಚ್ಚಳವ ಬಲಗೈಲೇ ತಿರುಗಿಸ್ತೀನಿ ಅಂತ ಹಟ ಹಿಡುದ್ರು."

ತಿರುಗಿಸಿದರೇ ಎಂದು ಕೇಳಿದೆ.

"ಅರ್ಧ ಸುತ್ತು," ಎಂದರು ಆಕೆ. ಹಿಂದೆ ಕಾರು ಓಡುವ ಸದ್ದು ಕೇಳುತ್ತಿತ್ತು, ಸಮನಾಗಿ.

ಕ್ಯಾಲೆಂಡರಿನಲ್ಲಿ ಆ ಭಾನುವಾರದ ಗುರುತಿನ ಪಕ್ಕದಲ್ಲಿ, ಇಂಕಿನಲ್ಲಿ, 'ಅರ್ಧ ಸುತ್ತು' ಎಂದು ಬರೆದಿಟ್ಟೆ.